ಸ್ಟರ್ನ್‌ಡ್ರೈವ್ ಆಯಿಲ್ ಬಿಸಿ: ಗೇಜಿನ ಮುಳ್ಳು ಏರಿದಾಗ ದೋಷ ಹುಡುಕುವ ಬಗೆ

ಪವರ್‌ಬೋಟಿನ ಡ್ರೈವ್ ಆಯಿಲ್‌ಗೆ ಟೆಂಪರೇಚರ್ ಗೇಜು ಹಾಕಿಸಿಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಡಿಗ್ರಿ ಇದ್ದರೆ ಸರಿ?" ಕೇಳುವುದು ಸಹಜ. ಆದರೆ ಒಂದೇ ಅಂಕಿಯಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಸೆನ್ಸರ್ ಎಲ್ಲಿ ಕೂತಿದೆ, ಆ ದಿನ ಸರೋವರದ ನೀರು ಎಷ್ಟು ಬೆಚ್ಚಗಿದೆ, ದೋಣಿಯಲ್ಲಿ ಎಷ್ಟು ಭಾರ ಇದೆ, ಎಲ್ಲವೂ ಆ ಅಂಕಿಯನ್ನು ಎಳೆದಾಡುತ್ತವೆ. ಮುಳ್ಳು ಎಲ್ಲಿ ನಿಂತಿದೆ ಅನ್ನುವುದಕ್ಕಿಂತ ಅಲ್ಲಿಗೆ ಹೇಗೆ ಹೋಯಿತು ಅನ್ನುವುದನ್ನು ನೋಡಿ. ನಿಧಾನವಾಗಿ ಏರಿ ನಿಂತಿತಾ? ನಿಲ್ಲದೆ ಏರುತ್ತಲೇ ಇದೆಯಾ? ಒಮ್ಮೆಲೇ ಹಾರಿತಾ? ಏರಿದ್ದು ತಾನಾಗಿ ಇಳಿಯಿತಾ? ಈ ನಾಲ್ಕಕ್ಕೂ ಕಾರಣ ಬೇರೆ, ರಿಪೇರಿಯೂ ಬೇರೆ.

ಇಲ್ಲಿ ಹೇಳುತ್ತಿರುವುದು ಸ್ಟರ್ನ್‌ಡ್ರೈವ್ ಬಗ್ಗೆ. ಎಂಜಿನ್ ದೋಣಿಯ ಒಳಗೆ, ಗೇರುಗಳಿರುವ ಡ್ರೈವ್ ಹಿಂಬದಿಯ ಹಲಗೆಯ ಆಚೆ. ವೋಲ್ವೊ ಪೆಂಟಾ ಕಂಪನಿ 1959ರಲ್ಲಿ ಅಕ್ವಾಮ್ಯಾಟಿಕ್ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಮರ್‌ಕ್ರೂಸರ್ ಡ್ರೈವ್ 1961ರಲ್ಲಿ ಬಂತು. ಅಮೆರಿಕದ ಸರೋವರಗಳಲ್ಲಿ ಇವತ್ತಿಗೂ ಇವು ತುಂಬಾ ಇವೆ. ಔಟ್‌ಬೋರ್ಡ್ ಎಂಜಿನ್ ಇರುವವರಿಗೆ ಈ ತಲೆನೋವು ಕಡಿಮೆ. ಅದರ ಗೇರುಗಳು ಕೆಳಗೆ ನೀರಿನೊಳಗೇ ಇರುತ್ತವೆ. ಮಲ್ಪೆ, ಮಂಗಳೂರು ಕಡೆಯ ಟ್ರಾಲರ್‌ಗಳ ಗೇರ್‌ಬಾಕ್ಸ್ ದೋಣಿಯ ಒಳಗಿರುತ್ತದೆ. ಅದರ ಲೆಕ್ಕ ಬೇರೆ. ಆದರೂ ಸೆನ್ಸರ್ ಮತ್ತು ವೈರಿಂಗ್ ಬಗ್ಗೆ ಮುಂದೆ ಹೇಳುವ ಮಾತು ಅವಕ್ಕೂ ಹೊಂದುತ್ತದೆ.

ಇಷ್ಟೊಂದು ಬಿಸಿ ಎಲ್ಲಿಂದ?

ಎಂಜಿನ್ನಿನ ಶಕ್ತಿ ಯೂನಿವರ್ಸಲ್ ಜಾಯಿಂಟ್ ಮೂಲಕ ಡ್ರೈವಿನ ಮೇಲಿನ ಹೌಸಿಂಗಿಗೆ, ಅಂದರೆ ಗೇರುಗಳು ಕೂತ ಲೋಹದ ಕವಚಕ್ಕೆ, ಅಡ್ಡಡ್ಡ ಬರುತ್ತದೆ. ಅಲ್ಲಿ ಬೆವೆಲ್ ಗೇರುಗಳು ಅದನ್ನು ಕೆಳಕ್ಕೆ ತಿರುಗಿಸುತ್ತವೆ. ಕೆಳಗಿನ ಹೌಸಿಂಗಿನಲ್ಲಿ ಇನ್ನೊಂದು ಜೊತೆ ಗೇರು ಅದನ್ನು ಪ್ರೊಪೆಲ್ಲರ್ ಕಡೆಗೆ ತಿರುಗಿಸುತ್ತದೆ. ಗೇರು ಹಲ್ಲು ಒಂದರ ಮೇಲೊಂದು ಜಾರುವಾಗ, ಬೇರಿಂಗ್ ತಿರುಗುವಾಗ, ಆಯಿಲ್ ಕಲಕುವಾಗ ಸ್ವಲ್ಪ ಸ್ವಲ್ಪ ಶಕ್ತಿ ಬಿಸಿಯಾಗಿ ಸೋರುತ್ತದೆ. ಎಲ್ಲಾ ಸೇರಿ ನೂರಕ್ಕೆ ಮೂರು ಅಂತ ಇಟ್ಟುಕೊಳ್ಳಿ. 400 ಹಾರ್ಸ್‌ಪವರ್ ಅಂದರೆ ಸುಮಾರು 300 ಕಿಲೋವ್ಯಾಟ್. ಅದರಲ್ಲಿ ನೂರಕ್ಕೆ ಮೂರು ಅಂದರೆ 9 ಕಿಲೋವ್ಯಾಟ್. ನಮ್ಮ ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ಅಂಥ ನಾಲ್ಕಕ್ಕಿಂತ ಜಾಸ್ತಿ ಗೀಸರುಗಳು ಎರಡೂವರೆ ಲೀಟರ್ ಆಸುಪಾಸಿನ ಆಯಿಲ್ ಕಾಯಿಸುತ್ತಿವೆ ಅಂದುಕೊಳ್ಳಿ.

ಕೆಳಗಿನ ಹೌಸಿಂಗ್ ನೀರಲ್ಲಿ ಮುಳುಗಿರುತ್ತದೆ. ಅದರ ಚಿಂತೆ ಇಲ್ಲ. ತೊಂದರೆ ಮೇಲಿನದರದ್ದು. ದೋಣಿ ವೇಗ ಹಿಡಿದು ಪ್ಲೇನ್ ಆದಾಗ, ಅಂದರೆ ನೀರಿನ ಮೇಲೆ ಎದ್ದು ಜಾರತೊಡಗಿದಾಗ, ಮೇಲಿನ ಹೌಸಿಂಗ್ ಪೂರ್ತಿ ಗಾಳಿಗೆ ಬರುತ್ತದೆ. ಅತಿ ಜಾಸ್ತಿ ಬಿಸಿ ಹುಟ್ಟುವ ಹೊತ್ತಿಗೇ ತಂಪು ಕೈಬಿಡುತ್ತದೆ. ಸಾಲದ್ದಕ್ಕೆ ಎಷ್ಟೋ ಮಾದರಿಗಳಲ್ಲಿ ಎಂಜಿನ್ನಿನ ಹೊಗೆಯೂ ಡ್ರೈವಿನ ಒಳಗಿಂದಲೇ ಹಾದು ಪ್ರೊಪೆಲ್ಲರ್ ನಡುವಿನಿಂದ ಹೊರಹೋಗುತ್ತದೆ. ಹಾಗಾಗಿಯೇ ಡ್ರೈವ್ ಶವರ್ ಹುಟ್ಟಿಕೊಂಡಿದ್ದು. ಮೇಲಿನ ಹೌಸಿಂಗ್ ಸುತ್ತ ತೂತುಗಳಿರುವ ಒಂದು ಪೈಪ್. ದೋಣಿ ಓಡುವ ರಭಸಕ್ಕೆ ನೀರು ಒಳಗೆ ನುಗ್ಗಿ ಹೌಸಿಂಗ್ ಮೇಲೆ ಚಿಮ್ಮುತ್ತದೆ.

ಅಂಕಿ ಬೇಕೇ ಬೇಕು ಅನ್ನುವವರಿಗೆ

ಸರಿ, ಅಂದಾಜು ಹೇಳುತ್ತೇನೆ. 93 ಡಿಗ್ರಿ ಸೆಲ್ಸಿಯಸ್‌ವರೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅಮೆರಿಕದ ಗೇಜುಗಳಲ್ಲಿ ಅದು 200 ಫ್ಯಾರನ್‌ಹೀಟ್. 121, ಅಂದರೆ 250 ಫ್ಯಾರನ್‌ಹೀಟ್ ಮುಟ್ಟಿ ಅಲ್ಲೇ ನಿಲ್ಲುತ್ತಿದ್ದರೆ ಸುಮ್ನೆ ಬಿಡಬಾರದು. ಮಾಮೂಲಿ ನೈಟ್ರೈಲ್ ರಬ್ಬರ್ ಸೀಲುಗಳು ಆ ಬಿಸಿಯಲ್ಲಿ ಗಡುಸಾಗುತ್ತವೆ. ಆಯಿಲ್ ಕೆಡುವ ವೇಗವೂ ಪ್ರತಿ 10 ಡಿಗ್ರಿಗೆ ಸರಿಸುಮಾರು ಎರಡು ಪಟ್ಟಾಗುತ್ತದೆ. ಗೇಜಿನಲ್ಲಿ ಬರೆದಿರುವುದು ಸೆಲ್ಸಿಯಸ್ಸಾ ಫ್ಯಾರನ್‌ಹೀಟಾ ಅಂತ ಮೊದಲು ನೋಡಿಕೊಳ್ಳಿ. ನಗಬೇಡಿ, ಫೋನಲ್ಲಿ ಕೇಳುವ ಗಾಬರಿಯ ಅರ್ಧ ಅಲ್ಲೇ ಮುಗಿಯುತ್ತದೆ.

ಅದಕ್ಕಿಂತ ಉಪಯೋಗದ ಅಂಕಿ ಇನ್ನೊಂದಿದೆ. ಆಯಿಲ್ಲಿನ ಡಿಗ್ರಿಯಲ್ಲಿ ನೀರಿನ ಡಿಗ್ರಿ ಕಳೆಯಿರಿ. ಉಳಿದದ್ದನ್ನು ಬರೆದಿಡಿ.

ಯಾಕೆ ಅಂತ ನೋಡಿ. ಅರಿಜೋನಾದ ಲೇಕ್ ಹವಾಸು ಸುಡು ಬಿಸಿಲಿನ ಜಾಗ. 1994ರ ಜೂನ್ 29ರಂದು ಹವಾಸು ಪಟ್ಟಣದಲ್ಲಿ 53 ಡಿಗ್ರಿ ದಾಟಿತ್ತು, ಆ ರಾಜ್ಯದ ದಾಖಲೆ ಅದು. ಬೇಸಿಗೆಯಲ್ಲಿ ಅಲ್ಲಿನ ನೀರೇ 30 ಡಿಗ್ರಿಯ ಹತ್ತಿರ ಇರುತ್ತದೆ. ಅದೇ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಲೇಕ್ ತಾಹೋದಲ್ಲಿ ನಡು ಬೇಸಿಗೆಯಲ್ಲೂ ಮೇಲ್ಮೈ ನೀರು 20ರ ಆಸುಪಾಸು. ತಾಹೋ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಅಲ್ಲಿ ತನ್ನ ಶಕ್ತಿಯ ಆರರಲ್ಲಿ ಒಂದು ಪಾಲನ್ನಾದರೂ ಕಳೆದುಕೊಳ್ಳುತ್ತದೆ. ಶಕ್ತಿ ಕಡಿಮೆ, ಬಿಸಿಯೂ ಕಡಿಮೆ. ಒಂದೇ ದೋಣಿಯನ್ನು ಟ್ರೈಲರಿನಲ್ಲಿ ತಾಹೋದಿಂದ ಹವಾಸುವಿಗೆ ಎಳೆದುಕೊಂಡು ಹೋದರೆ ಗೇಜು ಬೇರೆಯೇ ಮಾತಾಡುತ್ತದೆ. ಡ್ರೈವ್ ಕೆಟ್ಟಿರುವುದಿಲ್ಲ, ಜಾಗ ಬದಲಾಗಿರುತ್ತದೆ ಅಷ್ಟೇ.

ಡ್ರೈವ್ ಚೆನ್ನಾಗಿರುವಾಗಲೇ ಒಂದು ದಿನ ಈ ಕೆಲಸ ಮಾಡಿಟ್ಟುಕೊಳ್ಳಿ. 3,000, 3,500, 4,000 ಆರ್‌ಪಿಎಂನಲ್ಲಿ ತಲಾ ಹತ್ತು ನಿಮಿಷ ಒಂದೇ ಸಮ ಓಡಿಸಿ. ಮುಳ್ಳು ಎಲ್ಲಿ ನಿಂತಿತು, ನೀರು ಎಷ್ಟು ಡಿಗ್ರಿ, ದೋಣಿಯಲ್ಲಿ ಎಷ್ಟು ಜನ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ಬರೆದಿಡಿ. ಈ ಒಂದು ಹಾಳೆ ಇಲ್ಲದೆ ಮುಂದೆ ಹೇಳುವುದೆಲ್ಲ ಅರ್ಧ ಊಹೆ ಆಗಿಬಿಡುತ್ತದೆ.

ಅಲಾರ್ಮ್ ಬಡಿದ ಆ ಹೊತ್ತಿನಲ್ಲಿ

ಎಂಜಿನ್ ತಕ್ಷಣ ಆಫ್ ಮಾಡಬೇಡಿ. ಥ್ರಾಟಲ್ ನಿಧಾನಕ್ಕೆ ಇಳಿಸಿ. ದೋಣಿ ಕೆಳಗೆ ಕೂತಾಗ ಮೇಲಿನ ಹೌಸಿಂಗಿನ ಕೆಳಭಾಗಕ್ಕೂ ನೀರು ತಾಗುತ್ತದೆ, ತಾನಾಗೇ ತಂಪಾಗತೊಡಗುತ್ತದೆ. ಮುಳ್ಳನ್ನು ನೋಡುತ್ತಿರಿ. ಕೆಲವು ನಿಮಿಷದಲ್ಲಿ ಸಮವಾಗಿ ಇಳಿಯಿತೋ, ಬಿಸಿ ನಿಜವಾಗಿಯೂ ಇತ್ತು ಅಂತ ಅರ್ಥ. ಇಳಿಯುವ ಬಗೆಯಲ್ಲೇ ಸೆನ್ಸರ್ ಆಯಿಲ್ಲಿನಲ್ಲಿ ಇದೆ ಅನ್ನುವುದೂ ಗೊತ್ತಾಗುತ್ತದೆ. ಐಡಲ್‌ನಲ್ಲೂ ಅಲುಗಾಡದೆ ಕೂತಿದ್ದರೆ ವೈರಿಂಗ್ ಮೇಲೆ ಅನುಮಾನ ಬರಬೇಕು.

ಒಂದು ಸಂದರ್ಭ ಮಾತ್ರ ಬೇರೆ. ಹಿಂದಿನಿಂದ ಕರಕರ ಸದ್ದು, ಅದುರು, ಸುಟ್ಟ ವಾಸನೆ ಬಂದರೆ ಇದ್ಯಾವ ಪರೀಕ್ಷೆಯೂ ಬೇಡ. ಎಂಜಿನ್ ನಿಲ್ಲಿಸಿ, ಎಳೆಸಿಕೊಂಡು ಬನ್ನಿ. ಮತ್ತೆ ಸ್ಟಾರ್ಟ್ ಮಾಡುವುದಿದ್ದರೆ, ಪೆಟ್ರೋಲ್ ಎಂಜಿನ್ ಆದರೆ, ಮೊದಲು ಬ್ಲೋವರ್, ಅಂದರೆ ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರಹಾಕುವ ಫ್ಯಾನ್, ನಾಲ್ಕು ನಿಮಿಷ ಓಡಲಿ. ಗಾಬರಿಯಲ್ಲಿ ಜನ ಮರೆಯುವುದು ಇದನ್ನೇ.

ಮೊದಲು ಗೇಜನ್ನೇ ಅನುಮಾನಿಸಿ

ಎರಡೂವರೆ ಲೀಟರ್ ಆಯಿಲ್, ಅದರ ಸುತ್ತ ಅಷ್ಟು ಅಲ್ಯೂಮಿನಿಯಂ, ಅಷ್ಟು ಉಕ್ಕು. ಇದು ಕ್ಷಣಾರ್ಧದಲ್ಲಿ 30 ಡಿಗ್ರಿ ಏರಲಾರದು, ಇಳಿಯಲಾರದು. ಮುಳ್ಳು ಹಾರಿತು ಅಂದರೆ ಹಾರಿದ್ದು ಕರೆಂಟು, ಬಿಸಿ ಅಲ್ಲ. ಟ್ರಿಮ್, ಅಂದರೆ ಡ್ರೈವಿನ ಓರೆ, ಮೇಲೆ ಕೆಳಗೆ ಮಾಡಿದಾಗ ಮುಳ್ಳು ಆಡುತ್ತದಾ? ಸ್ಟಿಯರಿಂಗ್ ಕೊನೆತನಕ ತಿರುಗಿಸಿದಾಗ? ಹಾಗಿದ್ದರೆ ದೋಣಿಗೂ ಡ್ರೈವಿಗೂ ನಡುವೆ ಬಾಗುವ ಜಾಗದಲ್ಲಿ ವೈರ್ ಒಳಗೇ ತುಂಡಾಗುತ್ತಿದೆ. ಬಿಲ್ಜ್ ಪಂಪ್ (ದೋಣಿಯ ತಳದ ನೀರು ಹೊರಹಾಕುವುದು) ಹಾಕಿದಾಗ ಅಥವಾ ಲೈಟ್ ಹಾಕಿದಾಗ ಆಡಿದರೆ ಗ್ರೌಂಡ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಸಡಿಲ.

ಗೇಜಿಗೆ ಸಿಗ್ನಲ್ ಕಳಿಸುವ ಈ ಸೆನ್ಸರಿಗೇ ಸೆಂಡರ್ ಅನ್ನುತ್ತಾರೆ. ಸಾಮಾನ್ಯ ಸೆಂಡರ್‌ಗಳು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆ ಮಾಡಿಕೊಳ್ಳುವಂಥವು. ಇದೊಂದನ್ನು ನೆನಪಿಟ್ಟುಕೊಂಡರೆ ಪರೀಕ್ಷೆ ಸುಲಭ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಬೇಡ. ಸೆಂಡರ್ ವೈರ್ ಕಳಚಿ, ಮುಳ್ಳು ಪೂರ್ತಿ ತಣ್ಣಗಿನ ಕಡೆ ಹೋಗಬೇಕು. ಅದೇ ವೈರನ್ನು ಒಂದು ಕ್ಷಣ ಗ್ರೌಂಡಿಗೆ ಮುಟ್ಟಿಸಿ, ಪೂರ್ತಿ ಬಿಸಿ ಕಡೆ ಓಡಬೇಕು. ಎರಡೂ ಸರಿಯಾದರೆ ಗೇಜು, ವೈರು ಚೆನ್ನಾಗಿವೆ. ಉಳಿದದ್ದು ಸೆಂಡರ್, ಇಲ್ಲವೇ ಅದರ ಗ್ರೌಂಡ್. ಡಿಜಿಟಲ್ ಡಿಸ್‌ಪ್ಲೇ ಇದ್ದರೆ ಹೀಗೆ ಮುಟ್ಟಿಸಬೇಡಿ, ಅದರ ಪುಸ್ತಕ ನೋಡಿ.

ಗ್ರೌಂಡ್ ವಿಷಯದಲ್ಲಿ ಒಂದು ಅಪಾಯ ಇದೆ. ಒಂದೇ ವೈರಿನ ಸೆಂಡರ್ ತನ್ನ ಮೈಯ ಮೂಲಕವೇ ಗ್ರೌಂಡ್ ಹುಡುಕುತ್ತದೆ. ಆದರೆ ಡ್ರೈವ್ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯ ಬಾಗುವ ಕೊಳವೆ), ತಿರುಗುವ ಪಿನ್ನುಗಳ ಮೇಲೆ ನೇತಾಡುವ ವಸ್ತು. ಅಲ್ಲಿಂದ ಎಂಜಿನ್‌ವರೆಗೆ ಗ್ರೌಂಡ್ ಒಯ್ಯುವುದು ಕೆಲವು ಸಣ್ಣ ಕಂಟಿನ್ಯುಟಿ ವೈರುಗಳು ಮಾತ್ರ. ಉಪ್ಪುನೀರಿಗೆ ಮೊದಲು ಬಲಿಯಾಗುವುದೂ ಅವೇ. ಸಾಲದ್ದಕ್ಕೆ ಸೆಂಡರಿನ ಥ್ರೆಡ್ಡಿಗೆ ಯಾರೋ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿರುತ್ತಾರೆ. ಗ್ರೌಂಡ್ ಕೆಟ್ಟರೆ ರೆಸಿಸ್ಟೆನ್ಸ್ ಜಾಸ್ತಿ ಕಾಣುತ್ತದೆ. ರೆಸಿಸ್ಟೆನ್ಸ್ ಜಾಸ್ತಿ ಅಂದರೆ ಗೇಜಿಗೆ "ತಣ್ಣಗಿದೆ" ಅಂತ ಅರ್ಥ. ಡ್ರೈವ್ ಬೇಯುತ್ತಿರುತ್ತದೆ, ಗೇಜು ಎಲ್ಲಾ ಸರಿ ಇದೆ ಅನ್ನುತ್ತದೆ! ಸುಳ್ಳು ಬಿಸಿಗಿಂತ ಈ ಸುಳ್ಳು ತಂಪು ಕೆಟ್ಟದ್ದು. ಆದ್ದರಿಂದ ಡ್ರೈವಿಗೆ ಎರಡು ವೈರಿನ, ಗ್ರೌಂಡ್ ಬೇರೆಯೇ ಇರುವ ಸೆಂಡರನ್ನೇ ಹಾಕಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಸೆಂಡರನ್ನೇ ಪರೀಕ್ಷಿಸಬೇಕಾದರೆ ಬಿಚ್ಚಿಕೊಂಡು ಮನೆಗೆ ಬನ್ನಿ. ಪೆಟ್ರೋಲ್ ದೋಣಿಯಲ್ಲಿ ಬೆಂಕಿ ಹಚ್ಚುವುದು ಬೇಡ. ಪಾತ್ರೆಯಲ್ಲಿ ನೀರು ಕುದಿಸಿ, ಸೆಂಡರನ್ನು ತಂತಿಗೆ ಕಟ್ಟಿ ಇಳಿಬಿಡಿ. ತಳಕ್ಕೆ ತಾಗಬಾರದು. ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿದು ಓಮ್ಸ್ ಓದಿ, ಸೆಂಡರ್ ಜೊತೆ ಬಂದ ಪಟ್ಟಿಗೆ ಹೋಲಿಸಿ. ಆಮೇಲೆ ಐಸ್ ಹಾಕಿದ ನೀರಿನಲ್ಲೂ ಒಮ್ಮೆ. ಸಮುದ್ರ ಮಟ್ಟದಲ್ಲಿ ನೀರು ಕುದಿಯುವುದು 100ಕ್ಕೆ, ತಾಹೋದಲ್ಲಿ 94ರ ಹತ್ತಿರ, ನಮ್ಮ ಬೆಂಗಳೂರಿನಲ್ಲಿ 97ರ ಹತ್ತಿರ. ಇದನ್ನು ಲೆಕ್ಕಕ್ಕೆ ಹಿಡಿಯದೆ ಒಳ್ಳೆಯ ಸೆಂಡರನ್ನು ಕಸಕ್ಕೆ ಹಾಕಬೇಡಿ. ಒಂದು ಬ್ರ್ಯಾಂಡಿನ ಗೇಜು, ಇನ್ನೊಂದರ ಸೆಂಡರ್ ಜೋಡಿಸಿದ್ದರೆ ಒಂದು ತುದಿಯಲ್ಲಿ ಸರಿ ತೋರಿಸಿ ಇನ್ನೊಂದು ತುದಿಯಲ್ಲಿ ದಾರಿ ತಪ್ಪುತ್ತದೆ. ಎರಡು ಬಿಂದುವಿನಲ್ಲಿ ನೋಡಬೇಕು ಅನ್ನುವುದು ಅದಕ್ಕೇ.

ಇನ್ನು ಸೆನ್ಸರ್ ಕೂತ ಜಾಗ. ಕೆಲವರು ಕೆಲಸ ಸುಲಭ ಅಂತ ದೋಣಿಯ ಒಳಗಿರುವ, ಡ್ರೈವಿಗೆ ಆಯಿಲ್ ತುಂಬಿಕೊಡುವ ಬಾಟಲಿಗೋ ಅದರ ಪೈಪಿಗೋ ಸೆನ್ಸರ್ ಹಾಕಿರುತ್ತಾರೆ. ಆ ಪೈಪಿನಲ್ಲಿ ಆಯಿಲ್ ಹರಿಯುವುದೇ ಇಲ್ಲ, ಸುಮ್ನೆ ನಿಂತಿರುತ್ತದೆ. ಅದು ತೋರಿಸುವುದು ಎಂಜಿನ್ ಕೋಣೆಯ ಬಿಸಿ. ಡ್ರೈವಿನದ್ದಲ್ಲ. ಗೇಜು ಯಾವಾಗಲೂ ಎಂಜಿನ್ ಕೋಣೆಯ ಅಂಕಿಗೆ ಹೊಂದಿಕೊಂಡೇ ಇದ್ದರೆ ಪೈಪನ್ನು ಹಿಂಬಾಲಿಸಿ ನೋಡಿ. ಸೆನ್ಸರಿನ ತುದಿ ಮೇಲಿನ ಹೌಸಿಂಗಿನೊಳಗೆ, ತಿರುಗುವ ಆಯಿಲ್ ಬಡಿಯುವ ಕಡೆ ಇರಬೇಕು.

ಗೇಜು ಇಲ್ಲದವರು, ಗೇಜನ್ನು ನಂಬದವರು

ಬಿಸಿ ತೋರಿಸುವ ಸ್ಟಿಕ್ಕರ್ ಪಟ್ಟಿ ಸಿಗುತ್ತದೆ. ಸಾಲಾಗಿ ಚೌಕಗಳಿರುತ್ತವೆ, ಒಂದೊಂದಕ್ಕೂ ಒಂದು ಡಿಗ್ರಿ. ಅಷ್ಟು ಬಿಸಿ ಮುಟ್ಟಿದರೆ ಆ ಚೌಕ ಕಪ್ಪಾಗುತ್ತದೆ, ಮತ್ತೆ ಬೆಳ್ಳಗಾಗುವುದಿಲ್ಲ. ಮೇಲಿನ ಮುಚ್ಚಳವನ್ನು ಸ್ಪಿರಿಟ್ಟಿನಿಂದ ಒರೆಸಿ, ಶವರಿನ ನೀರು ನೇರ ಬೀಳದ ಕಡೆ ಅಂಟಿಸಿ. ದಡಕ್ಕೆ ಬಂದ ಮೇಲೆ ಕೊನೆಯ ಕಪ್ಪು ಚೌಕ ಓದಿ. ಅದು ಹೊರಮೈಯ ಬಿಸಿ, ಒಳಗಿನ ಆಯಿಲ್ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ವೈರಿಲ್ಲ, ಗ್ರೌಂಡಿಲ್ಲ, ಸುಳ್ಳು ಹೇಳುವುದಕ್ಕೆ ದಾರಿಯಿಲ್ಲ. ನನಗೆ ತುಂಬಾ ಇಷ್ಟದ ಉಪಾಯ ಇದು.

ಇನ್‌ಫ್ರಾರೆಡ್ ಗನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒದ್ದೆ ಹೌಸಿಂಗಿಗೆ ಹಿಡಿದರೆ ಅದು ಓದುವುದು ಮೇಲಿನ ನೀರಿನ ಪದರವನ್ನು. ಹೊಳೆಯುವ ಬರಿ ಅಲ್ಯೂಮಿನಿಯಂಗೆ ಹಿಡಿದರೆ ಅಂಕಿ ಸುಳ್ಳು. ನಿಲ್ಲಿಸಿ ಹಿಂದೆ ಹೋಗುವಷ್ಟರಲ್ಲಿ ಡ್ರೈವ್ ತಣ್ಣಗಾಗತೊಡಗಿರುತ್ತದೆ. ಓಡುವ ದೋಣಿಯ ಹಿಂದೆ ಬಗ್ಗಿ ಹಿಡಿಯುವ ಸಾಹಸವಂತೂ ಖಂಡಿತ ಬೇಡ, ಕೆಳಗೆ ಪ್ರೊಪೆಲ್ಲರ್ ಇದೆ. ಮುಚ್ಚಳದ ಪೇಂಟ್ ಗುಳ್ಳೆ ಎದ್ದಿದೆಯಾ, ಸುಟ್ಟು ಬಣ್ಣ ತಿರುಗಿದೆಯಾ ಅಂತ ಕಣ್ಣಲ್ಲಿ ನೋಡಿ. ಗುಳ್ಳೆ ಎದ್ದಿದ್ದರೆ ಬಿಸಿ ಯಾವತ್ತೋ ಮಿತಿ ಮೀರಿದೆ.

ಬಿಸಿ ನಿಜವಾದರೆ: ಆಯಿಲ್ಲಿನಿಂದ ಶುರು

ಬಾಟಲಿಯ ಮಟ್ಟ ನೋಡುವುದು ಡ್ರೈವ್ ತಣ್ಣಗಿದ್ದಾಗ. ಬಿಸಿಯಾದಾಗ ಆಯಿಲ್ ಹಿಗ್ಗಿ ಮಟ್ಟ ಸ್ವಲ್ಪ ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ, ಇದು ಸಹಜ. ಪ್ರತಿ ಸಲ ತಣ್ಣಗಾದಾಗಲೂ ಹಿಂದಿನದಕ್ಕಿಂತ ಕೆಳಗಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಪ್ರೊಪೆಲ್ಲರ್ ಬಿಚ್ಚಿ ಶಾಫ್ಟ್ ನೋಡಿ. ಮೀನುಗಾಳದ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದು ಮಾಮೂಲು. ಏರಿದ ಮಟ್ಟ ಇಳಿಯದೆ ಅಲ್ಲೇ ನಿಂತರೆ ನೀರು ಒಳಗೆ ಬರುತ್ತಿದೆ. ಕಾದ ಡ್ರೈವ್ ತಣ್ಣೀರಿಗೆ ಕೂತಾಗ ಒಳಗಿನ ಆಯಿಲ್ ಕುಗ್ಗುತ್ತದೆ, ಸವೆದ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಅಂದರೆ ಜಾಸ್ತಿ ಬಿಸಿಯಾಗುವ ಡ್ರೈವಿಗೇ ನೀರು ನುಗ್ಗುವ ಅಪಾಯವೂ ಜಾಸ್ತಿ.

ಇಲ್ಲೇ ಆ ನಾಲ್ಕನೆಯ ಬಗೆ ಬರುತ್ತದೆ. ಮುಳ್ಳು ಏರುತ್ತಾ ಏರುತ್ತಾ, ವೇಗ ಕಡಿಮೆ ಮಾಡದಿದ್ದರೂ ತಾನಾಗಿ ಇಳಿಯತೊಡಗಿತು. ಅಬ್ಬಾ ಸರಿಹೋಯಿತು ಅನ್ನಿಸುತ್ತದೆ. ಸರಿಹೋಗಿಲ್ಲ. ಆಯಿಲ್ ಮಟ್ಟ ಇಳಿದು ಸೆನ್ಸರಿನ ತುದಿ ಗಾಳಿಗೆ ಬಂದಿರಬಹುದು. ಗಾಳಿ ಬಿಸಿಯನ್ನು ಆಯಿಲ್ಲಿನಷ್ಟು ಚೆನ್ನಾಗಿ ಮುಟ್ಟಿಸುವುದಿಲ್ಲ, ಅದಕ್ಕೆ ಅಂಕಿ ಇಳಿಯುತ್ತದೆ. ಹೀಗಾದರೆ ನಿಲ್ಲಿಸಿ, ಬಾಟಲಿ ನೋಡದೆ ಮುಂದೆ ಹೋಗಬೇಡಿ.

ಮಟ್ಟ ಸರಿ ಇದ್ದರೂ ಆಯಿಲ್ ಇಳಿಸಿ ನೋಡಿ. ಒಂದು ರಾತ್ರಿ ಡ್ರೈವ್ ನೇರವಾಗಿ ನಿಂತಿರಲಿ. ಬೆಳಗ್ಗೆ ಕೆಳಗಿನ ಡ್ರೈನ್ ಸ್ಕ್ರೂ ಸ್ವಲ್ಪವೇ ಸಡಿಲ ಮಾಡಿ. ನೀರಿದ್ದರೆ ಮೊದಲು ಅದೇ ಬರುತ್ತದೆ, ಆಯಿಲ್ಲಿಗಿಂತ ಭಾರ. ಆದರೆ ಗೇರು ಚೆನ್ನಾಗಿ ಕಲಕಿದ್ದರೆ ನೀರು ಬೇರ್ಪಡುವುದಿಲ್ಲ, ಆಯಿಲ್ಲೇ ಬಿಳಿಚಿ ಕೆನೆಬಣ್ಣ ಆಗಿರುತ್ತದೆ. ಅನುಮಾನ ಇದ್ದರೆ ಒಂದು ಹಳೆಯ ತವಾ ಕಾಯಿಸಿ, ಬಯಲಲ್ಲಿ, ಕನ್ನಡಕ ಹಾಕಿಕೊಂಡು ಒಂದು ಹನಿ ಬಿಡಿ. ಚಟಪಟ ಅಂದರೆ ನೀರಿದೆ. ಸದ್ದಿಲ್ಲದೆ ಹರಡಿ ಹೊಗೆಯಾಡಿದರೆ ಇಲ್ಲ.

ಡ್ರೈನ್ ಸ್ಕ್ರೂವಿನ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ತೆಗೆದು ಹೆಬ್ಬೆರಳಿನ ಮೇಲೆ ಉಜ್ಜಿ. ನುಣ್ಣಗೆ, ಕಾಡಿಗೆ ಬಣ್ಣದ ಪೇಸ್ಟ್ ಆಗಿ ಹರಡಿದರೆ ಅದು ವರ್ಷದ ಮಾಮೂಲು ಸವೆತ. ಬೆರಳಿಗೆ ಚುಚ್ಚಿದರೆ, ಬೆಳಕಿಗೆ ಹಿಡಿದಾಗ ಮಿಂಚುವ ಚೂರು ಕಂಡರೆ ಗೇರಿನ ಹಲ್ಲೋ ಬೇರಿಂಗೋ ಬಿಡುತ್ತಿದೆ. ಆ ಡ್ರೈವಿಗೆ ಶವರ್, ಹೊಸ ಆಯಿಲ್ ಯಾವುದೂ ಮದ್ದಲ್ಲ. ಬಿಚ್ಚಲೇಬೇಕು.

ಹೊಸ ಆಯಿಲ್ ತುಂಬುವುದು ಕೆಳಗಿನ ತೂತಿನಿಂದ ಪಂಪ್ ಮಾಡಿ, ಮೇಲಿನ ತೂತಿನಲ್ಲಿ ಗುಳ್ಳೆ ಇಲ್ಲದೆ ಬರುವ ತನಕ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ತುಂಬಿದೆ ಅಂತ ಕಾಣುತ್ತದೆ, ತುಂಬಿರುವುದಿಲ್ಲ. ಕಾರಿನ ಗೇರ್ ಆಯಿಲ್ ಹಾಕುವ ಉಳಿತಾಯ ಬೇಡ. ನೀರು ಸ್ವಲ್ಪ ಸೇರಿದರೂ ತಾಳುವ ಗುಣ ಮರೀನ್ ಆಯಿಲ್ಲಿಗೆ ಇರುತ್ತದೆ. ತಯಾರಕರು ಹೇಳಿದ ದರ್ಜೆಯನ್ನೇ ಹಾಕಿ. 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ.

ತಂಪು ಮಾಡುವ ನೀರು

ಹವಾಸುವಿನಲ್ಲಿ ಓಡುತ್ತಿದ್ದ ಎರಡು ಎಂಜಿನ್ನಿನ ದೋಣಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಎರಡು ಎಂಜಿನ್ ಇರುವವರು ಪುಣ್ಯವಂತರು, ಹೋಲಿಸಲು ಪಕ್ಕದಲ್ಲೇ ಇನ್ನೊಂದು ಡ್ರೈವ್ ಇರುತ್ತದೆ. ಒಂದೇ ಆರ್‌ಪಿಎಂನಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಎದ್ದು ಕಾಣುವಷ್ಟು ಬಿಸಿ. ಎರಡು ಸೆಂಡರನ್ನೂ ಅದಲು ಬದಲು ಮಾಡಿದೆವು. ಬಿಸಿ ಎಡಗಡೆಯಲ್ಲೇ ಉಳಿಯಿತು, ಸೆಂಡರ್ ಜೊತೆ ಬಲಕ್ಕೆ ಬರಲಿಲ್ಲ. ಅಂದರೆ ನಿಜವಾದ ಬಿಸಿ. ಆಯಿಲ್ ಶುದ್ಧ, ಮ್ಯಾಗ್ನೆಟ್ ಶುದ್ಧ.

ಶವರಿನ ಪೈಪ್ ಕಳಚಿ ಗಾರ್ಡನ್ ಹೋಸ್ ಹಿಡಿದಾಗ ಅರ್ಧ ತೂತುಗಳಲ್ಲಿ ನೀರೇ ಬರಲಿಲ್ಲ. ಹವಾಸುವಿಗೆ ಬರುವ ಕೊಲೊರಾಡೋ ನದಿಯ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಬಿಸಿ ಲೋಹದ ಮೇಲೆ ಒಣಗಿ ಒಣಗಿ ತೂತಿನ ಬಾಯಲ್ಲಿ ಬಿಳಿ ಹೊಪ್ಪಳೆ ಕಟ್ಟಿತ್ತು. ಪೈಪ್ ಬಿಚ್ಚಿ ಬಿಳಿ ವಿನಿಗರ್‌ನಲ್ಲಿ ನೆನೆಸಿಟ್ಟರೆ ಅದು ಕರಗುತ್ತದೆ. ಉಳಿದದ್ದನ್ನು ಕಡ್ಡಿಯಿಂದ ಬಿಡಿಸಿ, ಚೆನ್ನಾಗಿ ತೊಳೆದು ಹಾಕಿದೆವು. ತೂತು ದೊಡ್ಡದು ಮಾಡಬೇಡಿ, ಒತ್ತಡ ಸತ್ತು ಕೊನೆಯ ತೂತುಗಳಿಗೆ ನೀರು ಸಾಲುವುದಿಲ್ಲ.

ವ್ಯತ್ಯಾಸ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಇಲ್ಲಿಗೆ ಬಿಟ್ಟುಬಿಡುವವರೇ ಜಾಸ್ತಿ. ಉಳಿದದ್ದಕ್ಕೆ ಕಾರಣ ಸಿಕ್ಕಿದ್ದು ಎಂಜಿನ್ ಕಡೆ. ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರಿನಲ್ಲಿ ಕೆಲವು ರೆಕ್ಕೆ ಮುರಿದಿದ್ದವು. ಹಾಗಿದ್ದರೆ ಎಂಜಿನ್ ಗೇಜು ಏರಬೇಕಿತ್ತಲ್ವಾ? ಕೂಲೆಂಟ್ ಬೇರೆ ಸುತ್ತುವ ಎಂಜಿನ್ನಿನಲ್ಲಿ ಹಾಗೆ ಬೇಗ ಏರುವುದಿಲ್ಲ. ಥರ್ಮೋಸ್ಟಾಟ್ ತನ್ನ ಕೈಲಾಗುವ ತನಕ ಬಿಸಿಯನ್ನು ಒಂದೇ ಕಡೆ ಹಿಡಿದಿಡುತ್ತದೆ. ಆದರೆ ಹೊಗೆಯನ್ನು ತಂಪು ಮಾಡುವುದು ಆ ಪಂಪ್ ಎಳೆದ ಹೊರಗಿನ ನೀರೇ. ನೀರು ಕಡಿಮೆಯಾದರೆ ಹೊಗೆ ಬಿಸಿ ಉಳಿಯುತ್ತದೆ. ಆ ಹೊಗೆ ಹಾದುಹೋಗುವುದು ಡ್ರೈವಿನ ಮೂಲಕ. ಎಂಜಿನ್ ಗೇಜು ಬಾಯಿ ಬಿಡುವ ಮೊದಲೇ ಡ್ರೈವ್ ಗೇಜು ದೂರು ಹೇಳಿತ್ತು. ಇಂಪೆಲ್ಲರ್ ಬದಲಿಸುವಾಗ ಮುರಿದ ರೆಕ್ಕೆಗಳನ್ನೂ ಹುಡುಕಿ ತೆಗೆಯಿರಿ. ಅವು ಮುಂದಿನ ಕೂಲರಿನ ಬಾಯಲ್ಲಿ ಸಿಕ್ಕಿಕೊಂಡಿರುತ್ತವೆ. ಎಕ್ಸಾಸ್ಟ್ ಬೆಲ್ಲೋಸ್ ಕರಗಿ ಮೆತ್ತಗಾಗಿದೆಯಾ ಅಂತಲೂ ಮುಟ್ಟಿ ನೋಡಿ.

ಭಾರ ಮತ್ತು ಪ್ರೊಪೆಲ್ಲರ್

ಎಲ್ಲಾ ಸರಿ ಇದ್ದೂ ಬಿಸಿ ಜಾಸ್ತಿ ಇದ್ದರೆ ಡ್ರೈವಿಗೆ ಹೊರಲಾಗದಷ್ಟು ಕೆಲಸ ಕೊಡುತ್ತಿದ್ದೀರಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತದಾ? ಉದಾಹರಣೆಗೆ 4,400ರಿಂದ 4,800 ಅಂತ ಹೇಳಿದ್ದು, ನಿಮ್ಮದು 4,100ಕ್ಕೇ ನಿಂತರೆ ಪ್ರೊಪೆಲ್ಲರ್ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಜಾಸ್ತಿ. ಪಿಚ್ ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ. ತಳಕ್ಕೆ ಪಾಚಿ ಹಿಡಿದಿದ್ದರೂ ಇದೇ ಲಕ್ಷಣ. ಮೂಗು ಮೇಲೆತ್ತಿಕೊಂಡು, ಪ್ಲೇನ್ ಆಗದೆ, ನೀರು ಉಳುತ್ತಾ ಗಂಟೆಗಟ್ಟಲೆ ಹೋಗುವುದೂ ಡ್ರೈವನ್ನು ದಣಿಸುತ್ತದೆ.

ಎಂಜಿನ್ ಬದಲಿಸಿ ಜಾಸ್ತಿ ಶಕ್ತಿಯದ್ದು ಕೂರಿಸಿ, ಡ್ರೈವ್ ಹಳೆಯದೇ ಉಳಿಸಿಕೊಂಡವರಿಗೆ ಸುತ್ತಿ ಬಳಸಿ ಹೇಳುವುದಿಲ್ಲ. ನೀರು ಹರಿಯುವ ಮುಚ್ಚಳ, ಆಯಿಲ್ ಕೂಲರ್ ಹಾಕಿದರೆ ಅಂಕಿ ಇಳಿಯುತ್ತದೆ, ನಿಜ. ಗೇರಿನ ಹಲ್ಲಿನ ಮೇಲಿನ ಹೊರೆ ಇಳಿಯುವುದಿಲ್ಲ.

ಉಳಿದದ್ದು ಗ್ಯಾರೇಜಿನ ಕೆಲಸ

ಡ್ರೈವ್ ಇತ್ತೀಚೆಗೆ ಬಿಚ್ಚಿ ಕಟ್ಟಿದ್ದು, ಆಮೇಲೇ ಬಿಸಿ ಶುರುವಾಗಿದ್ದರೆ ಬೇರಿಂಗ್ ಪ್ರೀಲೋಡ್ (ಕೂರಿಸುವಾಗ ಕೊಟ್ಟ ಬಿಗಿ), ಗೇರುಗಳ ನಡುವಿನ ಸಂದು ಮತ್ತೆ ಅಳೆಸಿ. ಬಿಗಿ ಜಾಸ್ತಿಯಾದ ಬೇರಿಂಗ್ ತಾನೇ ಕಾಯುತ್ತದೆ. ಎಂಜಿನ್ ಡ್ರೈವಿನ ನೇರಕ್ಕೆ ಇಲ್ಲದೆ ಅಲೈನ್‌ಮೆಂಟ್ ತಪ್ಪಿದ್ದರೆ ಗಿಂಬಲ್ ಬೇರಿಂಗ್ (ಡ್ರೈವಿನ ಶಾಫ್ಟನ್ನು ಹಿಂಬದಿಯ ಹಲಗೆಯ ಬಳಿ ಹಿಡಿದಿಡುವುದು), ಯೂನಿವರ್ಸಲ್ ಜಾಯಿಂಟ್ ಮೊದಲು ಅಳುತ್ತವೆ. ಡ್ರೈವ್ ಕಳಚಿ ಅಲೈನ್‌ಮೆಂಟ್ ಬಾರ್ ತೂರಿಸಿ ನೋಡಬೇಕು. ಸೋರಿಕೆ ಹುಡುಕುವಾಗ ಬರೀ ಗಾಳಿಯ ಒತ್ತಡ ಕೊಟ್ಟು ನೋಡಿದರೆ ಸಾಲದು, ವ್ಯಾಕ್ಯೂಮ್ ಕೊಟ್ಟೂ ನೋಡಿ ಅಂತ ಹೇಳಿ. ಕೆಲವು ಸೀಲು ಹೊರಗೆ ಬಿಡುವುದಿಲ್ಲ, ಒಳಗೆ ಬಿಡುತ್ತದೆ. ಎಷ್ಟು ಒತ್ತಡ, ಎಷ್ಟು ಹೊತ್ತು ಅನ್ನುವುದು ನಿಮ್ಮ ಮಾದರಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ.

ರಿಪೇರಿ ಆದಮೇಲೆ ಅಲಾರ್ಮನ್ನು ಯಾರೋ ಹೇಳಿದ ಅಂಕಿಗೆ ಇಡಬೇಡಿ. ಮೊದಲಿನ ಹಾಗೇ ಮೂರು ಆರ್‌ಪಿಎಂನಲ್ಲಿ ಓಡಿಸಿ ಹೊಸ ಹಾಳೆ ಬರೆಯಿರಿ. ನಿಮ್ಮ ಕಡೆಯ ಅತಿ ಬೆಚ್ಚಗಿನ ನೀರಿನ ಡಿಗ್ರಿಗೆ ಅಲ್ಲಿ ಸಿಕ್ಕ ದೊಡ್ಡ ವ್ಯತ್ಯಾಸ ಕೂಡಿಸಿ, ಅದರ ಮೇಲೆ ಹತ್ತು ಡಿಗ್ರಿ ಬಿಟ್ಟು ಅಲಾರ್ಮ್ ಇಡಿ. ಅದು 121ಕ್ಕಿಂತ ಮೇಲೆ ಹೋದರೆ ಡ್ರೈವಿನ ಕೆಲಸ ಇನ್ನೂ ಮುಗಿದಿಲ್ಲ. ಮೊದಲ ಓಟದಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದು ಬಾಟಲಿಯ ಮಟ್ಟ ಸ್ವಲ್ಪ ಇಳಿಯುತ್ತದೆ. ತಣ್ಣಗಾದ ಮೇಲೆ ಗೆರೆಯವರೆಗೆ ತುಂಬಿ, ಸೆಂಡರ್ ಕೂತ ಜಾಗವನ್ನು ಬಟ್ಟೆಯಲ್ಲಿ ಒರೆಸಿ ಜಿನುಗು ಇದೆಯಾ ನೋಡಿ. ಎರಡನೆಯ ಓಟದ ನಂತರವೂ ಮಟ್ಟ ಇಳಿದರೆ ಅದು ಗಾಳಿ ಅಲ್ಲ, ಸೋರಿಕೆ.